ಸಲಾಮತ್ ಮುಳುಗಿದ ವಾರ: ತೆಂಗಿನ ಸೀಮೆಯಿಂದ ಒಂದು ಮಂಜಿಯ ಲೆಕ್ಕ

ಕೇಳೋಕೆ ಪುರುಸೊತ್ತಿಲ್ಲದವರಿಗಾಗಿ ಎಂದಿನಂತೆ ಇದು ಬರಹ ರೂಪ. ಮಾತಿನಲ್ಲಿದ್ದದ್ದನ್ನ ಸ್ವಲ್ಪ ಒಪ್ಪ ಮಾಡಿದ್ದೇನೆ, ಅಷ್ಟೇ.

ಇವತ್ತಿನ ವಿಷಯ ಹಡಗು. ತಿಪಟೂರಿನವನು ಹಡಗಿನ ಬಗ್ಗೆ ಮಾತಾಡ್ತಾನೆ ಅಂದ್ರೆ ನಗು ಬರೋದು ಸಹಜ. ನಮ್ಮದು ಕೆರೆ ಸೀಮೆ. ತಿಪಟೂರಿಗೆ ಅಮಾನಿಕೆರೆ, ತುರುವೇಕೆರೆಗೆ ಹೆಸರಲ್ಲೇ ಕೆರೆ, ಪಕ್ಕದಲ್ಲಿ ಮಲ್ಲಾಘಟ್ಟ. ಚಿಕ್ಕನಾಯಕನಹಳ್ಳಿ ಕಡೆ ಹೋದರೆ ಊರಿಗೊಂದು ಕಟ್ಟೆ. ಈ ನೀರಲ್ಲಿ ನಾವು ಕಂಡಿರೋದು ಹರಿಗೋಲು, ತೆಪ್ಪ, ಬೇಸಿಗೆಯಲ್ಲಿ ಬಿರುಕು ಬಿಟ್ಟ ಮಣ್ಣು. ಹಾಯಿ ಕಟ್ಟಿದ ಹಡಗು ಯಾವತ್ತೂ ಇಲ್ಲಿ ತೇಲಿದ್ದಿಲ್ಲ, ಮುಳುಗಿದ್ದೂ ಇಲ್ಲ.

ಆದರೂ ಹಾಯಿ ಹಡಗಿಗೂ ತೆಂಗಿಗೂ ಸಾವಿರ ವರ್ಷಕ್ಕೂ ಹಳೆಯ ಸಂಬಂಧ ಇದೆ. ಆ ಸಂಬಂಧದ ತೀರಾ ಇತ್ತೀಚಿನ ಒಂದು ಪುಟ 2025ರ ಮೇ 14ರಂದು ಮಂಗಳೂರಿನ ಆಚೆ ಅರಬ್ಬಿ ಸಮುದ್ರದಲ್ಲಿ ಮುಳುಗಿತು. ಸುದ್ದಿ ಒಂದು ದಿನ ಇತ್ತು. ಆಮೇಲೆ ಯಾರೂ ಆ ಬಗ್ಗೆ ಮಾತಾಡಲಿಲ್ಲ. ಯಾಕೆ ಅನ್ನೋದೇ ಈ ಕಂತಿನ ಪ್ರಶ್ನೆ.

ಮೊದಲು, ಕೆರೆಯಲ್ಲಿ ಮುಳುಗಿದ ಒಂದು ಹಡಗು

ಹೋಲಿಕೆಗೆ ಬೇಕು ಅಂತ ಒಂದು ದೂರದ ಕತೆ ಹೇಳ್ತೀನಿ. ಅಮೆರಿಕದಲ್ಲಿ ಮಿಷಿಗನ್ ಅಂತ ಒಂದು ಸರೋವರ. ಸರೋವರ ಅಂದ್ರೆ ನಮ್ಮ ಕೆರೆ ಲೆಕ್ಕಕ್ಕೆ ಹಿಡಿಯಬೇಡಿ, ಒಂದು ದಡದಲ್ಲಿ ನಿಂತರೆ ಇನ್ನೊಂದು ದಡ ಕಾಣೋಲ್ಲ. ಅಲ್ಲಿ ರೌಸ್ ಸಿಮನ್ಸ್ ಅನ್ನೋ ಮೂರು ಕಂಬದ ಮರದ ಹಾಯಿ ಹಡಗು ಇತ್ತು. 1868ರಲ್ಲಿ ಮಿಲ್ವಾಕೀಲಿ ಕಟ್ಟಿದ್ದು. 1912ರ ನವೆಂಬರ್‌ನಲ್ಲಿ, ಅಂದ್ರೆ ಹಡಗಿಗೆ 44 ವರ್ಷ ಆಗಿದ್ದಾಗ, ಕ್ರಿಸ್‌ಮಸ್ ಮರಗಳನ್ನ ತುಂಬಿಕೊಂಡು ಶಿಕಾಗೋ ಕಡೆ ಹೊರಟಿತು. ನವೆಂಬರ್ 23ರಂದು ಬಿರುಗಾಳಿಗೆ ಸಿಕ್ಕಿತು. ದಡದ ರಕ್ಷಣಾ ಠಾಣೆಯವರು ಅದರ ಅಪಾಯದ ಬಾವುಟ ನೋಡಿದರು, ದೋಣಿ ಇಳಿಸಿದರು, ಹಡಗು ಸಿಗಲಿಲ್ಲ. ಕ್ಯಾಪ್ಟನ್ ಹರ್ಮನ್ ಶೂನೆಮನ್ ಸೇರಿ ಯಾರೂ ಉಳಿಯಲಿಲ್ಲ.

1924ರಲ್ಲಿ ಕ್ಯಾಪ್ಟನ್‌ನ ಪಾಕೀಟು ಮೀನುಗಾರರ ಬಲೆಗೆ ಬಂತು. 1971ರಲ್ಲಿ ಒಬ್ಬ ಡೈವರ್ ಹಡಗನ್ನೇ ಪತ್ತೆ ಮಾಡಿದ. ಸರಕಿನ ಮರಗಳು ಒಳಗೇ ಇದ್ದವು. ಇವತ್ತಿಗೂ ಪ್ರತಿ ಡಿಸೆಂಬರ್‌ನಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಹಡಗೊಂದು ಅದರ ನೆನಪಲ್ಲಿ ಶಿಕಾಗೋಗೆ ಮರ ತಂದು ಬಡವರಿಗೆ ಹಂಚುತ್ತೆ.

ಆ ಸರೋವರಗಳಲ್ಲಿ ಮುಳುಗಿದ ಹಡಗುಗಳು ಸಾವಿರಾರು. ಇದೊಂದೇ ಯಾಕೆ ಹಬ್ಬದ ಕತೆ ಆಯ್ತು? ಸರಕು. ಕ್ರಿಸ್‌ಮಸ್ ಮರ ಅಂದ ತಕ್ಷಣ ಮನೆ, ಮಕ್ಕಳು, ಹಬ್ಬ ನೆನಪಾಗುತ್ತೆ. ಅದೇ ಹಡಗಲ್ಲಿ ಸಿಮೆಂಟ್ ಮೂಟೆ ಇದ್ದಿದ್ದರೆ? ನಮ್ಮ ಹಡಗಲ್ಲಿ ಇದ್ದದ್ದು ಸಿಮೆಂಟೇ.

ಮೇ 12, ಮೇ 14

ಅದರ ಹೆಸರು ಎಂಎಸ್‌ವಿ ಸಲಾಮತ್. ಎಂಎಸ್‌ವಿ ಅಂದ್ರೆ ಮೆಕನೈಸ್ಡ್ ಸೈಲಿಂಗ್ ವೆಸೆಲ್. ಹಾಯಿ ಹಡಗಿನ ವಂಶಕ್ಕೆ ಇಂಜಿನ್ ಕೂರಿಸಿದ್ದು. ಮಂಗಳೂರಿನ ಬಂದರಿನಲ್ಲಿ ಇಂಥವನ್ನ ಮಂಜಿ ಅಂತಾರೆ, ಕೇರಳದಲ್ಲಿ ಉರು. ಸಲಾಮತ್ ಅಂದ್ರೆ ಸುರಕ್ಷಿತ ಅಂತ ಅರ್ಥ.

2025ರ ಮೇ 12ರಂದು ಅದು ಮಂಗಳೂರಿನಿಂದ ಸಿಮೆಂಟು ಮತ್ತು ಕಟ್ಟಡದ ಸಾಮಾನು ಹೇರಿಕೊಂಡು ಲಕ್ಷದ್ವೀಪದ ಕದ್‌ಮತ್ ದ್ವೀಪಕ್ಕೆ ಹೊರಟಿತು. ಆರು ಜನ ಸಿಬ್ಬಂದಿ. ತಾರೀಖು ಗಮನಿಸಿ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲ ಅಂತ ಮಂಜಿಗಳ ಓಡಾಟ ನಿಲ್ಲುತ್ತೆ. ಅಂದರೆ ಅದು ಸೀಸನ್ನಿನ ಕೊನೇ ದಿನಗಳು. ಆ ನಾಲ್ಕು ತಿಂಗಳಲ್ಲಿ ದ್ವೀಪದಲ್ಲಿ ಯಾರಾದರೂ ಗೋಡೆ ಏಳಿಸಬೇಕು ಅಂದ್ರೆ ಸಿಮೆಂಟು ಅದಕ್ಕೆ ಮೊದಲೇ ತಲುಪಿರಬೇಕು.

ಮೇ 14ರ ಬೆಳಗಿನ ಜಾವ ಹಡಗಿನೊಳಗೆ ನೀರು ನುಗ್ಗಿತು. ಮಂಗಳೂರಿನಿಂದ ನೈರುತ್ಯಕ್ಕೆ ಸುಮಾರು 60 ನಾಟಿಕಲ್ ಮೈಲಿ, ಅಂದರೆ 110 ಕಿಲೋಮೀಟರ್ ದೂರ. ಹಡಗು ಮುಳುಗಿತು. ಆರೂ ಜನ ಪುಟ್ಟ ಡಿಂಗಿಗೆ ಇಳಿದರು. ಮಧ್ಯಾಹ್ನದ ಹೊತ್ತಿಗೆ ಆ ದಾರಿಯಲ್ಲಿ ಹೋಗ್ತಿದ್ದ ಎಪಿಕ್ ಸುಸುಯಿ ಅನ್ನೋ ಟ್ಯಾಂಕರ್ ಹಡಗಿನವರಿಗೆ ಆ ಡಿಂಗಿ ಕಾಣಿಸಿತು. ಅವರು ಸುದ್ದಿ ಮುಟ್ಟಿಸಿದ ಮೇಲೆ ಕೋಸ್ಟ್ ಗಾರ್ಡ್‌ನ ವಿಕ್ರಮ್ ಹಡಗು ಬಂದು ಆರೂ ಜನರನ್ನ ಎತ್ತಿಕೊಂಡಿತು. ಮಾರನೇ ದಿನ ಅವರು ಮಂಗಳೂರಲ್ಲಿದ್ದರು. ಎಲ್ಲರೂ ಬದುಕಿದರು.

ಒಂದು ಸಲ ಆ ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ನಡುವಿನ ಹೊತ್ತನ್ನ ಯೋಚನೆ ಮಾಡಿ. ಮೇ ತಿಂಗಳ ಬಿಸಿಲು, ಸುತ್ತ ನೀರು, ಒಂದು ಡಿಂಗಿಯಲ್ಲಿ ಆರು ಜನ. ಆ ಟ್ಯಾಂಕರ್‌ನಲ್ಲಿ ಡ್ಯೂಟಿಯಲ್ಲಿದ್ದವರು ಆ ಕಡೆ ನೋಡದೇ ಇದ್ದಿದ್ದರೆ?

ಮರದ ಹಡಗು ಹೇಗೆ ಮುಳುಗುತ್ತೆ

ಮರದ ಹಡಗಿನೊಳಗೆ ನೀರು ಬರೋದು ಅಪರೂಪದ ಸಂಗತಿ ಅಲ್ಲ. ಹಲಗೆ ಹಲಗೆ ಸೇರೋ ಜಾಗದಲ್ಲಿ ಸಂದು ಇರುತ್ತೆ. ಅಲ್ಲಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿ, ರಾಳ ತುಂಬಿ ಬಿಗಿ ಮಾಡ್ತಾರೆ. ಆದರೂ ಸ್ವಲ್ಪ ಸ್ವಲ್ಪ ಜಿನುಗುತ್ತಲೇ ಇರುತ್ತೆ, ಅದನ್ನ ಪಂಪ್‌ನಿಂದ ಹೊರಗೆ ಹಾಕ್ತಾ ಇರಬೇಕು. ಬರೋ ನೀರು, ಹೋಗೋ ನೀರು ಎರಡೂ ಸರಿ ಹೊಂದೋವರೆಗೂ ತೊಂದರೆ ಇಲ್ಲ. ನಾನು ಬಿ.ಕಾಂ ಓದಿದವನು, ನನಗೆ ಇದು ಕ್ಯಾಶ್‌ಬುಕ್ ಥರ ಕಾಣುತ್ತೆ. ಒಂದು ರಾತ್ರಿ ಬರೋ ಕಡೆಯ ಕಾಲಂ ಹೆಚ್ಚಾಗಿಬಿಟ್ಟರೆ ಹಡಗು ಭಾರವಾಗುತ್ತೆ, ಭಾರವಾದಷ್ಟೂ ತಗ್ಗುತ್ತೆ, ತಗ್ಗಿದಷ್ಟೂ ಅಲೆ ಒಳಗೆ ಬರುತ್ತೆ. ಸಿಮೆಂಟ್ ಮೂಟೆಗೆ ನೀರು ತಾಗಿದರೆ ಅದು ಹೊರಗೆ ಹೋಗೋದೂ ಇಲ್ಲ, ಅಲ್ಲೇ ಹೀರಿಕೊಂಡು ಕೂರುತ್ತೆ.

ಮರೈನ್ ಇನ್ಶೂರೆನ್ಸ್ ಅನ್ನೋ ಪಾಠ ನಮಗೂ ಇತ್ತು. 1963ರ ಕಾಯ್ದೆ, ಅದರಲ್ಲಿ ಆ್ಯಕ್ಚುಯಲ್ ಟೋಟಲ್ ಲಾಸ್, ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್ ಅಂತ ವಿಂಗಡಣೆ. ತಿಪಟೂರಲ್ಲಿ ಕೂತು ಇದನ್ನ ಯಾಕೆ ಬಾಯಿಪಾಠ ಮಾಡಬೇಕು ಅಂತ ಕ್ಲಾಸಲ್ಲಿ ಎಲ್ಲರಿಗೂ ಅನಿಸಿತ್ತು. ವಿಮೆಯ ಭಾಷೆಯಲ್ಲಿ ಹಡಗು ಮುಳುಗೋದು ಅಂದ್ರೆ ಹಡಗು ಮತ್ತು ಸರಕಿನ ಬೆಲೆ. ಇತಿಹಾಸದ ಭಾಷೆಯಲ್ಲಿ ಇನ್ನೂ ಒಂದು ಬಾಬ್ತು ಇದೆ. ಆ ದಾರಿ ಎಷ್ಟು ಹಳೇದು, ಆ ದಾರಿಯಲ್ಲಿ ಯಾರು ಯಾರಿಗೆ ಏನು ಕೊಟ್ಟರು ಅನ್ನೋದು. ಈಗ ಅಲ್ಲಿಗೆ ಬರ್ತೀನಿ.

ಕದ್‌ಮತ್ ನಮ್ಮ ಜಿಲ್ಲೆಯಲ್ಲಿತ್ತು

'ನಮ್ಮ' ಅನ್ನೋದನ್ನ ಸ್ವಲ್ಪ ಎಳೆದು ಹೇಳ್ತಿದ್ದೀನಿ. ದಕ್ಷಿಣ ಕನ್ನಡ ಜಿಲ್ಲೆ ಅಂತ ಓದಿಕೊಳ್ಳಿ.

ಲಕ್ಷದ್ವೀಪದ ಉತ್ತರದ ಐದು ದ್ವೀಪಗಳಿಗೆ ಅಮಿನ್‌ದಿವಿ ಅಂತ ಹೆಸರು. ಅಮಿನಿ, ಕದ್‌ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ. ಇವು ಮೊದಲು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. 1783ರಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನನ್ನ ಕಂಡರು. ನಮ್ಮ ದ್ವೀಪಗಳನ್ನ ನೀವೇ ನೋಡಿಕೊಳ್ಳಿ ಅಂತ ಕೇಳಿದರು. ಮಾತುಕತೆ ಆಗಿ ಆ ಐದು ದ್ವೀಪ ಟಿಪ್ಪುವಿನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಗೆ ಹೋದವು. ಆಡಳಿತದ ಊರು ಮಾತ್ರ ಮಂಗಳೂರೇ ಉಳಿಯಿತು. ಅಲ್ಲಿಂದ ಒಂದೂವರೆ ಶತಮಾನ ಕದ್‌ಮತ್‌ನವರಿಗೆ ಕಲೆಕ್ಟರ್ ಕಚೇರಿ ಅಂದ್ರೆ ಮಂಗಳೂರು.

1956ರ ನವೆಂಬರ್ 1 ನಮಗೆಲ್ಲ ಗೊತ್ತಿರೋ ದಿನ. ಆ ದಿನ ಮದ್ರಾಸ್ ರಾಜ್ಯದಲ್ಲಿದ್ದ ಸೌತ್ ಕೆನರಾ ಜಿಲ್ಲೆ ಮೂರು ಹೋಳಾಯ್ತು. ಮಂಗಳೂರು ನಮ್ಮ ಮೈಸೂರು ರಾಜ್ಯಕ್ಕೆ ಬಂತು. ಕಾಸರಗೋಡು ಕೇರಳಕ್ಕೆ ಹೋಯ್ತು, ಅದರ ನೋವಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಮೂರನೇ ಹೋಳು ಅಮಿನ್‌ದಿವಿ. ಅದು ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿತು. ಇದನ್ನ ನಾವು ಯಾರೂ ನೆನಪು ಮಾಡಿಕೊಳ್ಳಲ್ಲ. ತುಮಕೂರು ಜಿಲ್ಲೆಯವರಿಗೆ ಮಂಗಳೂರು ಒಂದೇ ರಾಜ್ಯದ ಊರಾದ ದಿನವೇ ಕದ್‌ಮತ್‌ಗೆ ಮಂಗಳೂರು ಹೊರಗಿನ ಊರಾಯ್ತು.

ಕಾಗದದ ಮೇಲೆ ಗೆರೆ ಎಳೆದರೂ ಮಂಜಿಗಳು ಮಂಗಳೂರಿನ ಹಳೇ ಬಂದರಿಗೆ ಬರೋದು ನಿಲ್ಲಿಸಲಿಲ್ಲ. ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಸಮುದ್ರ ಸೇರೋ ಆ ಜಾಗದಿಂದ ಇವತ್ತಿಗೂ ತರಕಾರಿ, ದಿನಸಿ, ಜಲ್ಲಿ, ಸಿಮೆಂಟ್ ದ್ವೀಪಕ್ಕೆ ಹೋಗುತ್ತೆ. 1970ರ ದಶಕದಲ್ಲಿ ಪಣಂಬೂರಿನಲ್ಲಿ ದೊಡ್ಡ ನವಮಂಗಳೂರು ಬಂದರು ಆದರೂ ಇವರ ಗಂಟು ಹಳೇ ಬಂದರಿಗೇ. ಸಲಾಮತ್ ಹೊರಟಿದ್ದು ಹೊಸ ದಾರಿಯಲ್ಲೇನೂ ಅಲ್ಲ, ಒಂದು ಹಳೇ ಜಿಲ್ಲೆಯ ಒಳರಸ್ತೆಯಲ್ಲಿ.

ಅಕ್ಕಿಗೆ ನಾರು

ಈಗ ತೆಂಗಿನ ವಿಷಯ. ಕದ್‌ಮತ್‌ನ ವಿಸ್ತೀರ್ಣ ಮೂರು ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಎಕರೆ ಲೆಕ್ಕದಲ್ಲಿ ಎಂಟುನೂರೂ ಆಗೋಲ್ಲ. ಭತ್ತ ಬೆಳೆಯೋ ನೆಲ ಅಲ್ಲ ಅದು. ತೆಂಗು, ಮೀನು, ಅಷ್ಟೇ. ಅನ್ನ ಬೇಕು ಅಂದ್ರೆ ಸಮುದ್ರ ದಾಟಬೇಕು.

ದಾಟೋಕೆ ಅವರು ಕಟ್ಟಿಕೊಂಡಿದ್ದು ಓಡಂ ಅನ್ನೋ ಹಾಯಿ ಹಡಗು. ಹಲಗೆಗಳನ್ನ ಮೊಳೆಯಿಂದ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲೀತಿದ್ದರು. ಹೌದು, ಹೊಲಿಯೋದೇ. ಹಲಗೆಯ ಅಂಚಿಗೆ ತೂತು ಕೊರೆದು, ಹುರಿ ಪೋಣಿಸಿ ಎಳೆದು ಬಿಗಿಯೋದು. ಹುರಿ ನೀರಲ್ಲಿ ಉಬ್ಬುತ್ತೆ, ಉಬ್ಬಿದಾಗ ತೂತು ಬಿಗಿಯಾಗುತ್ತೆ. ಉಪ್ಪು ನೀರಿಗೆ ತೆಂಗಿನ ನಾರು ಸುಲಭಕ್ಕೆ ಕೊಳೆಯೋದೂ ಇಲ್ಲ. ಹೊಲಿದ ಹಡಗು ಹವಳದ ದಿಬ್ಬಕ್ಕೆ ತಾಗಿದರೆ ಬಾಗುತ್ತೆ, ಒಡೆಯೋದು ಕಡಿಮೆ. ಇಬ್ನ್ ಬತೂತ ಈ ಗುಣವನ್ನ ಗುರುತಿಸಿದ್ದ. ಮಾರ್ಕೋ ಪೋಲೋಗೆ ಮಾತ್ರ ಹೊರ್ಮುಜ್‌ನಲ್ಲಿ ನೋಡಿದ ಹೊಲಿದ ಹಡಗುಗಳ ಮೇಲೆ ಒಂಚೂರೂ ನಂಬಿಕೆ ಹುಟ್ಟಲಿಲ್ಲ. ಇವರಿಬ್ಬರಿಗಿಂತ ಮುಂಚೆ, ಹನ್ನೊಂದನೇ ಶತಮಾನದಲ್ಲಿ, ಅಲ್ ಬಿರೂನಿ ಈ ಸಮುದ್ರದ ದ್ವೀಪಗಳನ್ನ ಎರಡು ಗುಂಪು ಮಾಡಿದ್ದ: ಕವಡೆಯ ದ್ವೀಪಗಳು, ನಾರಿನ ದ್ವೀಪಗಳು.

ಓಡಂ ನಡೆಸೋರಿಗೆ ಮಾಲ್ಮಿ ಅಂತಾರೆ. ನಕ್ಷತ್ರದ ಎತ್ತರವನ್ನ ಗಂಟು ಹಾಕಿದ ದಾರ, ಒಂದು ಹಲಗೆ ಚೂರಿನಿಂದ ಅಳೀತಿದ್ದರು. ದಾರಿಯ ವಿವರಗಳನ್ನ ರಹ್ಮಾನಿ ಅನ್ನೋ ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟು ಮುಂದಿನ ತಲೆಮಾರಿಗೆ ಕೊಡ್ತಿದ್ದರು.

ಈ ಓಡಂಗಳು ಮಂಗಳೂರಿಗೆ ತಂದ ಮುಖ್ಯ ಸರಕು ಹುರಿ. ಅಲ್ಲಿ ಕಂಪನಿ ಕಾಲದಲ್ಲಿ ಒಂದು ಪದ್ಧತಿ ಇತ್ತು. ಹುರಿಯನ್ನ ಸರ್ಕಾರಕ್ಕೇ ಕೊಡಬೇಕು. ಬೆಲೆ ಸರ್ಕಾರದ್ದೇ. ಪ್ರತಿಯಾಗಿ ಸಿಗೋದು ಅಕ್ಕಿ. ಕೊಳ್ಳುವವನು ಒಬ್ಬನೇ ಇರೋ ಮಾರ್ಕೆಟ್ ಇದು. ದ್ವೀಪದಲ್ಲಿ ಹೆಂಗಸರು ಮಟ್ಟೆಯನ್ನ ತಿಂಗಳುಗಟ್ಟಲೆ ದಡದ ಮರಳಲ್ಲಿ ಹೂತು, ಕೊಳೆಸಿ, ತೆಗೆದು, ಬಡಿದು, ನಾರು ಬಿಡಿಸಿ, ಹೊಸೆದು ಹುರಿ ಮಾಡ್ತಿದ್ದರು. ಆ ಹುರಿಯ ಬೆಲೆ ಮಂಗಳೂರಿನ ಉಗ್ರಾಣದಲ್ಲಿ ತೀರ್ಮಾನ ಆಗ್ತಿತ್ತು. ಅಕ್ಕಿ ದುಬಾರಿ ಆದ ವರ್ಷ ಏನಾಗುತ್ತೆ, ಹುರಿ ಅಗ್ಗ ಆದ ವರ್ಷ ಏನಾಗುತ್ತೆ, ನಿಮಗೆ ನಾನು ಹೇಳಬೇಕಿಲ್ಲ. ಕೊಬ್ಬರಿ ಖರೀದಿ ಕೇಂದ್ರದ ಮುಂದೆ ರಾತ್ರಿ ಸರದಿ ನಿಂತವರು ನಮ್ಮಲ್ಲಿ ಎಷ್ಟು ಜನ ಇಲ್ಲ?

ಈಗ ಒಂದು ಓಡಂ ಮುಳುಗಿತು ಅಂತಿಟ್ಟುಕೊಳ್ಳಿ. ಹೋಗ್ತಾ ಮುಳುಗಿದರೆ ವರ್ಷದ ಹುರಿ ಹೋಯ್ತು. ಬರ್ತಾ ಮುಳುಗಿದರೆ ವರ್ಷದ ಅನ್ನ ಹೋಯ್ತು. ಜನ ಹೋದರೆ ಅದಕ್ಕೆ ಲೆಕ್ಕವೇ ಇಲ್ಲ. 1847ರ ಏಪ್ರಿಲ್‌ನಲ್ಲಿ ಚಂಡಮಾರುತ ಬಂದು ಕಲ್ಪೇನಿ, ಆಂದ್ರೋತ್ ದ್ವೀಪಗಳ ತೆಂಗನ್ನ ಉರುಳಿಸಿದಾಗ ಆಗಿದ್ದೂ ಇದೇ. ಮರ ಇಲ್ಲ ಅಂದ್ರೆ ಹುರಿ ಇಲ್ಲ, ಹುರಿ ಇಲ್ಲ ಅಂದ್ರೆ ಅಕ್ಕಿ ಇಲ್ಲ. ತೆಂಗಿನ ಮರ ಬಿದ್ದ ಮೇಲೆ ಮತ್ತೆ ಫಸಲು ಕಾಣೋಕೆ ಎಷ್ಟು ವರ್ಷ ಬೇಕು ಅನ್ನೋದು ತೋಟದವರಿಗೆ ಗೊತ್ತು.

ನಮ್ಮ ಕಂದು ನಾರು

ನಮ್ಮಲ್ಲಿ ಕಾಯನ್ನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕ್ತೀವಿ. ಎಂಟು, ಹತ್ತು ತಿಂಗಳು, ಕೆಲವೊಮ್ಮೆ ವರ್ಷ. ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಆಗ ಉಂಡೆ ಕೊಬ್ಬರಿ. ಸರ್ಕಾರವೂ ಇದನ್ನ ಬೇರೆ ಸರಕು ಅಂತಲೇ ನೋಡುತ್ತೆ. 2025ರ ಬೆಂಬಲ ಬೆಲೆ ಕ್ವಿಂಟಲ್‌ಗೆ ಉಂಡೆ ಕೊಬ್ಬರಿಗೆ 12,100 ರೂಪಾಯಿ, ಎಣ್ಣೆ ಗಾಣದ ಮಿಲ್ಲಿಂಗ್ ಕೊಬ್ಬರಿಗೆ 11,582. ಹೀಗೆ ಒಣಗಿದ ಸಿಪ್ಪೆಯಿಂದ ಬರೋದು ಒರಟು ಕಂದು ನಾರು. ಹಾಸಿಗೆ, ಬ್ರಷ್, ಕಾಲೊರೆಸಿಗೆ ಹೋಗುತ್ತೆ. ಕರಾವಳಿಯಲ್ಲಿ ಎಳೆಯ ಹಸಿರು ಮಟ್ಟೆಯನ್ನ ನೀರಲ್ಲಿ ಕೊಳೆಸಿ ತೆಗೆಯೋದು ಬಿಳಿ ನಾರು. ನೂಲೋಕೆ, ಹುರಿ ಹೊಸೆಯೋಕೆ ಅದೇ ಒಳ್ಳೇದು.

ಅಂದರೆ ಒಂದೇ ಮರದಿಂದ ಎರಡು ನಾಗರಿಕತೆ. ನಮ್ಮದು ಕಾಯಿಯನ್ನ ಅಟ್ಟದಲ್ಲಿ ಕಾಯಿಸಿಕೊಂಡು ರೈಲು, ಲಾರಿಗೆ ಹಾಕಿದ ಸೀಮೆ. ಅವರದು ಅದರ ಮಟ್ಟೆಯಿಂದಲೇ ಹಡಗು ಹೊಲಿದು ಅದೇ ಹಡಗಲ್ಲಿ ಮಾರೋಕೆ ಹೊರಟ ಸೀಮೆ. ನಮ್ಮ ಬೆಳೆ ಹಾಳಾದರೆ ತೋಟದಲ್ಲಿ ಕಾಣುತ್ತೆ, ತಹಶೀಲ್ದಾರ್ ಬಂದು ಬರೆದುಕೊಳ್ತಾರೆ. ಅವರದು ಹಾಳಾದರೆ ಸಮುದ್ರ ಮುಚ್ಚಿಕೊಂಡು ಬಿಡುತ್ತೆ.

ಒಂದೇ ತಿಂಗಳಲ್ಲಿ ಮೂರು ಹಡಗು

ಈಗ ಮತ್ತೆ 2025ರ ಮೇ.

ಮೇ 14ರಂದು ಸಲಾಮತ್ ಮುಳುಗಿತು. ಸರಿಯಾಗಿ ಒಂದು ವಾರ ಬಿಟ್ಟು, ಮೇ 21ರಂದು, ಇದೇ ಕರ್ನಾಟಕ ಕರಾವಳಿಯ ಕಾರವಾರದ ನೌಕಾನೆಲೆಯಲ್ಲಿ ಒಂದು ಸಮಾರಂಭ ನಡೆಯಿತು. ಅಜಂತಾದ ಐದನೇ ಶತಮಾನದ ಒಂದು ಚಿತ್ರವನ್ನ ಆಧಾರ ಮಾಡಿಕೊಂಡು ಕಟ್ಟಿದ ಹೊಲಿದ ಹಡಗನ್ನ ನೌಕಾಪಡೆಗೆ ಸೇರಿಸಿ, ಕೌಂಡಿನ್ಯ ಅಂತ ಹೆಸರಿಟ್ಟರು. ಗೋವಾದಲ್ಲಿ, ಕೇರಳದ ಕುಶಲಕರ್ಮಿಗಳ ಜೊತೆ ಬಾಬು ಶಂಕರನ್ ಅನ್ನೋ ಹಿರಿಯ ಶಿಲ್ಪಿ ಇದನ್ನ ತೆಂಗಿನ ಹುರಿಯಿಂದ ಹೊಲಿದಿದ್ದು. ಹಾಯಿ ಮೇಲೆ ಗಂಡಭೇರುಂಡ. ಕೇಂದ್ರ ಸಂಸ್ಕೃತಿ ಸಚಿವರು ಬಂದಿದ್ದರು. ಆ ಹಡಗು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್ ಕಡೆಗೂ ಹೊರಟಿತು. ನಾನು ಇದನ್ನ ಗೇಲಿ ಮಾಡ್ತಿಲ್ಲ. ವಿಡಿಯೋ ನೋಡಿದಾಗ ನಿಜಕ್ಕೂ ಖುಷಿ ಆಯ್ತು. ನಮ್ಮ ಮನೆ ಹಿತ್ತಲ ಮಟ್ಟೆಗೆ ಇಷ್ಟು ಶಕ್ತಿ ಇದೆಯಾ ಅನಿಸಿತು.

ಅದಾದ ನಾಲ್ಕು ದಿನಕ್ಕೆ, ಮೇ 25ರಂದು, ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಅನ್ನೋ ದೈತ್ಯ ಕಂಟೇನರ್ ಹಡಗು ಮುಳುಗಿತು. 640 ಕಂಟೇನರ್. ಇಂಧನ, ರಾಸಾಯನಿಕ, ಪ್ಲಾಸ್ಟಿಕ್ ಕಾಳು ದಡಕ್ಕೆ ಬರುತ್ತೆ ಅನ್ನೋ ಭಯ. ವಾರಗಟ್ಟಲೆ ಸುದ್ದಿ, ಆಮೇಲೆ ಕೋರ್ಟು, ಪರಿಹಾರ.

ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿ. ಒಂದು ಹಡಗು ಪರಂಪರೆ ಅಂತ ಸುದ್ದಿ ಆಯ್ತು. ಒಂದು ದುರಂತ ಅಂತ ಸುದ್ದಿ ಆಯ್ತು. ಈ ಎರಡರ ನಡುವೆ ನಿಜವಾಗಿ ಕೆಲಸ ಮಾಡ್ತಿದ್ದ, ಹಳೇ ದಾರಿಯಲ್ಲಿ ಸಿಮೆಂಟು ಹೊತ್ತು ಹೋಗ್ತಿದ್ದ ಮಂಜಿ ಯಾವ ಖಾನೆಗೂ ಸೇರಲಿಲ್ಲ. ಮ್ಯೂಸಿಯಂಗೆ ಅದು ಹಳೇದಾಗಿರಲಿಲ್ಲ, ಟಿವಿಗೆ ದೊಡ್ಡದಾಗಿರಲಿಲ್ಲ. ಯಾರೂ ಸಾಯಲಿಲ್ಲ ಅನ್ನೋದು ನಮ್ಮ ಪುಣ್ಯ, ಆದರೆ ಸುದ್ದಿ ಬೇಗ ಮುಗಿಯೋಕೆ ಅದೂ ಒಂದು ಕಾರಣ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಪರಂಪರೆಯ ಹಡಗು ಕಟ್ಟೋಕೆ ಹಣ, ನೌಕಾಪಡೆ, ಇಲಾಖೆ ಎಲ್ಲ ಸೇರಬಹುದು ಅಂದ್ರೆ, ಅದೇ ಪರಂಪರೆಯಲ್ಲಿ ಇನ್ನೂ ಹೊಟ್ಟೆಪಾಡು ನಡೆಸ್ತಿರೋರಿಗೆ ಒಳ್ಳೆ ಪಂಪು, ಅಪಾಯದ ಸಿಗ್ನಲ್ ಕಳಿಸೋ ಯಂತ್ರ, ಸರಿಯಾದ ಲೈಫ್ ರಾಫ್ಟ್, ಹೊರಡೋ ಮುನ್ನ ಕಟ್ಟುನಿಟ್ಟಿನ ತಪಾಸಣೆ ಇವಕ್ಕೂ ಸೇರಬೇಕು. ಮಳೆಗಾಲಕ್ಕೆ ಎರಡು ದಿನ ಮುಂಚೆ ಅವಸರದಲ್ಲಿ ಹೊರಡದ ಹಾಗೆ ದ್ವೀಪಕ್ಕೆ ಸರಕು ಮೊದಲೇ ತಲುಪಿಸೋ ವ್ಯವಸ್ಥೆಯೂ ಬೇಕು. ಇದೆಲ್ಲ ದೊಡ್ಡ ಮೊತ್ತ ಅಲ್ಲ. ಆರು ಜನರ ಜೀವ ದಾರಿಯಲ್ಲಿ ಹೋಗ್ತಿದ್ದ ಟ್ಯಾಂಕರ್‌ನವರ ಕಣ್ಣಿನ ಮೇಲೆ ನಿಂತಿತ್ತು ಅನ್ನೋದು ನೆಮ್ಮದಿ ಕೊಡೋ ಮಾತಲ್ಲ.

ಇನ್ನು ನಾವು, ತೆಂಗಿನ ಸೀಮೆಯವರು. ತೆಂಗಿನ ಇತಿಹಾಸ ಅಂದ್ರೆ ನಮಗೆ ತಿಪಟೂರು ಮಾರ್ಕೆಟ್‌ನ ರೇಟಿನ ಇತಿಹಾಸ ಆಗಿಬಿಟ್ಟಿದೆ. ಅದರ ಇನ್ನೊಂದು ತುದಿ ಮಂಗಳೂರಿನ ಹಳೇ ಬಂದರಿನಲ್ಲಿದೆ, ಅಲ್ಲಿಂದ ಮುನ್ನೂರು ಕಿಲೋಮೀಟರ್ ಸಮುದ್ರದ ಆಚೆ ಕದ್‌ಮತ್‌ನಲ್ಲಿದೆ. ಮುಂದಿನ ಸಲ ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ ಮಂಗಳೂರಿಗೆ ಹೋದವರು ಬೀಚಿನ ಜೊತೆ ಬಂದರು ರಸ್ತೆಗೂ ಒಂದು ಸುತ್ತು ಹೋಗಿ ಬನ್ನಿ. ಸೀಸನ್ ಇದ್ದರೆ ಮಂಜಿಗಳು ನಿಂತಿರ್ತವೆ, ಮೂಟೆ ಏರಿಸ್ತಾ ಇರ್ತಾರೆ. ಯಾವ ದ್ವೀಪಕ್ಕೆ ಅಂತ ಕೇಳಿ. ಅಮಿನಿ, ಕದ್‌ಮತ್, ಕಿಲ್ತಾನ್ ಅಂತ ಹೇಳಿದರೆ, ಅದು ಹಳೇ ದಕ್ಷಿಣ ಕನ್ನಡ ಅನ್ನೋದು ನಿಮಗೆ ಈಗ ಗೊತ್ತು.

ನಿಮ್ಮ ಮನೆಯಲ್ಲಿ ಹುರಿ, ನಾರು, ಕೊಬ್ಬರಿ ವ್ಯಾಪಾರದ ಹಳೇ ಲೆಕ್ಕದ ಪುಸ್ತಕ ಇದ್ದರೆ ರದ್ದಿಗೆ ಹಾಕಬೇಡಿ, ನನಗೆ ತಿಳಿಸಿ. ಮುಂದಿನ ಕಂತಿನಲ್ಲಿ ಅಟ್ಟದ ಕತೆ ಹೇಳ್ತೀನಿ: ಉಂಡೆ ಕೊಬ್ಬರಿ ಯಾಕೆ ನಮ್ಮ ಕಡೆಯೇ ಬೇರೂರಿತು ಅಂತ.